ಹೊಸ ಎಂಜಿನು, ಹಳೆಯ ಕಾವಲು

ಉಡುಪಿಯ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳಲ್ಲಿಯೇ. ಮಳೆ ಹಿಡಿದ ಮೇಲೆ ಹುಲ್ಲಿನ ಬೆಳವಣಿಗೆಗೆ ಹಗಲಿರುಳೆಂಬ ಭೇದವಿಲ್ಲ. ಮನೆಯಂಗಳಕ್ಕಾದರೆ ಕತ್ತಿ ಸಾಕು. ಮಣಿಪಾಲದ ಗುಡ್ಡದ ಮೇಲಿನ ವಿದ್ಯಾಸಂಸ್ಥೆಗಳ ಬಯಲಿಗೋ ಕಾರ್ಕಳದ ಕಡೆಯ ದೊಡ್ಡ ಹಿತ್ತಿಲಿಗೋ ಮೇಲೆ ಕುಳಿತು ನಡೆಸುವ ಹುಲ್ಲು ಕತ್ತರಿಸುವ ಬಂಡಿಯೇ ಅನುಕೂಲ.

ಈ ಬಂಡಿಗಳಿಗೆ ಸಾಮಾನ್ಯವಾಗಿ ಪೆಟ್ರೋಲಿನ ಎಂಜಿನು ಇರುತ್ತದೆ. ಬೇಸಗೆಯಲ್ಲಿ ಹುಲ್ಲು ಒಣಗಿ ಬಂಡಿ ಮೂಲೆ ಸೇರಿದರೆ, ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲು ಅಂಟಾಗಿ ಕೂರುತ್ತದೆ. ಈಗಿನ ಪೆಟ್ರೋಲಿನಲ್ಲಿ ಬೆರಸುವ ಎಥನಾಲು ಗಾಳಿಯ ತೇವವನ್ನು ಹೀರುವಂಥದು. ಕಾಪುವಿನಂಥ ಕಡಲತಡಿಯ ಊರಿನಲ್ಲಿ ತೇವಕ್ಕೆ ಬರವೆಲ್ಲಿ? ಅತ್ತ ಮಲ್ಪೆಯ ಬಂದರಿನಲ್ಲಿ ನೋಡಿದರೆ ಡೀಸೆಲ್ ಎಂಜಿನುಗಳನ್ನು ಬಲ್ಲ ಕೈಗಳು ಬೇಕಾದಷ್ಟಿವೆ. ಒಂದು ಲೀಟರು ಡೀಸೆಲಿನಲ್ಲಿ ಅಷ್ಟೇ ಪೆಟ್ರೋಲಿಗಿಂತ ಸುಮಾರು ಹತ್ತರಲ್ಲೊಂದು ಪಾಲು ಹೆಚ್ಚು ಶಾಖ ಅಡಗಿದೆ. ಆ ಎಂಜಿನು ಅದರಿಂದ ಪಡೆಯುವ ಕೆಲಸವೂ ಹೆಚ್ಚು. ಹೀಗಿರುವಾಗ, ‘ಹಳೆಯದನ್ನು ಕಳಚಿ ಡೀಸೆಲ್ ಎಂಜಿನನ್ನೇ ಕೂರಿಸಿದರಾಗದೆ?’ ಎಂದು ಯಾರಿಗಾದರೂ ತೋರುವುದು ಸಹಜ.

ಆಗುತ್ತದೆ. ಆದರೆ ಎರಡರ ಸ್ವಭಾವವನ್ನು ಮೊದಲು ತಿಳಿಯಬೇಕು. ಪೆಟ್ರೋಲ್ ಎಂಜಿನಿನಲ್ಲಿ ಗಾಳಿಯೂ ಇಂಧನವೂ ಕೂಡಿಯೇ ಒಳಹೋಗಿ, ಸುಮಾರು ಎಂಟರಲ್ಲೊಂದು ಪಾಲಿಗೆ ಅದುಮಲ್ಪಡುತ್ತವೆ. ಆಮೇಲೆ ಪ್ಲಗ್ಗಿನ ಕಿಡಿ ಅದನ್ನು ಹೊತ್ತಿಸುತ್ತದೆ. 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ರುಡಾಲ್ಫ್ ಡೀಸೆಲ್ ಎಂಬಾತನು ಪರೀಕ್ಷಿಸಿ ಯಶಸ್ವಿಯಾದ ಎಂಜಿನಿನ ಕ್ರಮವೇ ಬೇರೆ. ಅದರ ಸಂತತಿಯ ಇಂದಿನ ಚಿಕ್ಕ ಎಂಜಿನುಗಳಲ್ಲಿ ಬರಿಯ ಗಾಳಿಯನ್ನು ಸುಮಾರು ಇಪ್ಪತ್ತರಲ್ಲೊಂದು ಪಾಲಿಗೆ ಅದುಮುತ್ತಾರೆ. ಆ ಒತ್ತಡಕ್ಕೆ ಗಾಳಿ ತಾನೇ ಕಾದು, ಮೇಲೆ ಚಿಮ್ಮಿಸಿದ ಡೀಸೆಲು ಹೊತ್ತಿಕೊಳ್ಳುತ್ತದೆ. ಅಲ್ಲಿ ಕಿಡಿಯೂ ಇಲ್ಲ, ಪ್ಲಗ್ಗೂ ಇಲ್ಲ.

ಅಶ್ವಶಕ್ತಿ ಸಮವಾದರೆ ಸಾಕೆಂದು ತಿಳಿಯಬೇಡಿ. ಕಂದಪದ್ಯದಲ್ಲಿ ‘ಜಲ’ ಎಂಬುದನ್ನು ತೆಗೆದು ‘ನೀರು’ ಎಂದಿಟ್ಟರೆ ಅರ್ಥ ಕೆಡದು. ಆದರೆ ಎರಡು ಮಾತ್ರೆ ಮೂರಾಗಿ ಗಣ ಕೆಡುತ್ತದೆ. ಇಲ್ಲಿಯೂ ಹಾಗೆಯೇ. ಇಂಥ ಬಂಡಿಗಳಲ್ಲಿ ಎಂಜಿನಿನ ಶಾಫ್ಟು ಬಹುಮಟ್ಟಿಗೆ ನೆಟ್ಟಗೆ ಕೆಳಮುಖವಾಗಿರುತ್ತದೆ. ಚಿಕ್ಕ ಡೀಸೆಲ್ ಎಂಜಿನುಗಳದು ಸಾಮಾನ್ಯವಾಗಿ ಅಡ್ಡ ಶಾಫ್ಟು. ನಡುವೆ ಗೇರುಪೆಟ್ಟಿಗೆಯೋ ತಿರುವಿದ ಬೆಲ್ಟೋ ಬೇಕಾಗುತ್ತದೆ. ಪೆಟ್ರೋಲ್ ಎಂಜಿನು ನಿಮಿಷಕ್ಕೆ 3,600 ಸುತ್ತಿನವರೆಗೆ ತಿರುಗಬಲ್ಲದು. ನೀರೆತ್ತುವ ಡೀಸೆಲ್ ಎಂಜಿನುಗಳಲ್ಲಿ ಹಲವು 1,500 ಸುತ್ತಿನವು. ಪುಲಿಗಳನ್ನು ಲೆಕ್ಕಹಾಕಿ ಬದಲಿಸದಿದ್ದರೆ ಅಲಗು ಹುಲ್ಲನ್ನು ಕತ್ತರಿಸದೆ ಹರಿಯುತ್ತದೆ. ಲೆಕ್ಕ ಮೀರಿ ವೇಗ ಹೆಚ್ಚಿಸಿದರೆ ಅಲಗೇ ಸಿಡಿದೀತು. ಹತ್ತು ಅಶ್ವಶಕ್ತಿಯ ಪೆಟ್ರೋಲ್ ಎಂಜಿನು ಸುಮಾರು 30 ಕಿಲೋ ತೂಗಿದರೆ, ಅದೇ ಅಳತೆಯ ಡೀಸೆಲಿನದು 50 ಕಿಲೋ ಸಮೀಪಿಸುತ್ತದೆ. ನಡುಕವೂ ಹೆಚ್ಚು. ಮುರಕಲ್ಲಿನ ಗುಡ್ಡದ ಇಳಿಜಾರಿನಲ್ಲಿ ಈ ಹೊರೆ ಬ್ರೇಕನ್ನೂ ಬಂಡಿಯ ಸಮತೋಲವನ್ನೂ ಪರೀಕ್ಷಿಸದೆ ಬಿಡದು.

ಇವೆಲ್ಲ ಕಣ್ಣಿಗೆ ಕಾಣುವ ತೊಡಕುಗಳು. ಬಲ್ಲ ಮೆಕ್ಯಾನಿಕ್ಕು ಪರಿಹರಿಸಿಯಾನು. ಕಣ್ಣಿಗೆ ಕಾಣದ ಒಂದಿದೆ. ಪ್ರಾಣಕ್ಕೆ ಸಂಬಂಧಿಸಿದ್ದು ಅದೇ. ಬಂಡಿಯ ಆಸನದ ಅಡಿಯಲ್ಲಿ ಒಂದು ಪುಟ್ಟ ಸ್ವಿಚ್ಚು ಇರುತ್ತದೆ. ಅಲಗು ತಿರುಗುತ್ತಿರುವಾಗ ಸವಾರನು ಜಾರಿ ಬಿದ್ದರೆ ಆಸನ ಹಗುರಾಗಿ, ಸ್ವಿಚ್ಚು ಕಿಡಿಯನ್ನು ತಡೆಯುತ್ತದೆ, ಎಂಜಿನು ನಿಲ್ಲುತ್ತದೆ. ಡೀಸೆಲ್ ಎಂಜಿನಿನಲ್ಲಿ ಕಿಡಿಯೇ ಇಲ್ಲವಲ್ಲ, ಸ್ವಿಚ್ಚು ತಡೆಯುವುದೇನನ್ನು? ಸ್ವಿಚ್ಚು ಇದ್ದಲ್ಲೇ ಇದೆ, ತಂತಿಯೂ ಇದೆ. ಕಾವಲು ಮಾತ್ರ ಇಲ್ಲ. ಸವಾರನು ನೆಲದ ಮೇಲೆ ಬಿದ್ದಿದ್ದರೂ ಅಲಗು ತಿರುಗುತ್ತಲೇ ಇರುತ್ತದೆ. ಬೀಗದ ಕೈ ತಿರುಗಿಸಿದರೂ ಎಂಜಿನು ನಿಲ್ಲದು.

ಕುಶಲನಾದ ಮೆಕ್ಯಾನಿಕ್ಕೂ ಇದನ್ನು ಮರೆಯುವುದಕ್ಕೆ ಕಾರಣವಿದೆ. ದೋಣಿಯ ಎಂಜಿನು ಆಳು ಎದ್ದ ಮಾತ್ರಕ್ಕೆ ನಿಲ್ಲಬಾರದು. ನೀರಿನ ಪಂಪಿನ ಬಳಿ ಯಾರೂ ಕುಳಿತಿರುವುದಿಲ್ಲ. ಅವನು ಪಳಗಿದ ಕೆಲಸದಲ್ಲಿ ಆಸನದ ಕಾವಲಿಗೆ ಎಡೆಯೇ ಇಲ್ಲ. ಆದುದರಿಂದ ಕೇಳಿ ಹಾಕಿಸಿಕೊಳ್ಳಬೇಕಾದವರು ನೀವು.

ಪರಿಹಾರ ಕಷ್ಟವಲ್ಲ. ಡೀಸೆಲ್ ಎಂಜಿನನ್ನು ನಿಲ್ಲಿಸುವ ದಾರಿ ಇಂಧನವನ್ನು ತಡೆಯುವುದು. ಸೊಲೆನಾಯ್ಡ್ ಎಂಬ ವಿದ್ಯುತ್ ತಡೆಯನ್ನು ಜೋಡಿಸಿ, ಅದರ ತಂತಿಯನ್ನು ಆಸನದ ಸ್ವಿಚ್ಚಿನ ಮೂಲಕ ಹಾಯಿಸಬೇಕು. ವಿದ್ಯುತ್ತು ಹರಿಯುವವರೆಗೆ ಮಾತ್ರ ಇಂಧನ ಬಿಡುವ ಬಗೆಯನ್ನೇ ಆರಿಸಿ; ಆಗ ತಂತಿ ಕಡಿದರೂ ಎಂಜಿನು ನಿಲ್ಲುತ್ತದೆ. ಅದನ್ನು ಟಾಂಕಿಯ ಬಳಿ ಇಟ್ಟರೆ ಕೊಳವೆಯಲ್ಲಿ ಉಳಿದ ಡೀಸೆಲು ತೀರುವವರೆಗೆ ಎಂಜಿನು ಓಡೀತು. ಇಂಧನ ಪಂಪಿನ ನಿಲುಗಡೆಯ ಸನ್ನೆಗೇ ಜೋಡಿಸುವುದು ಲೇಸು. ಇದಕ್ಕೆ ಬ್ಯಾಟರಿಯೂ ಅದನ್ನು ತುಂಬುವ ಏರ್ಪಾಡೂ ಬೇಕು. ಕೈಯಿಂದ ತಿರುಗಿಸಿ ಚಾಲೂ ಮಾಡುವ ಎಂಜಿನಾದರೆ ಈ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಕೆಲಸ ಮುಗಿದ ದಿನ ಹಣ ಕೊಡುವ ಮುನ್ನ ಒಂದು ಪರೀಕ್ಷೆ ಮಾಡಿಸಿ. ಸಮನೆಲದಲ್ಲಿ, ಸುತ್ತ ಯಾರೂ ಇಲ್ಲದಂತೆ ನೋಡಿಕೊಂಡು, ಬಂಡಿಯನ್ನು ನಿಲ್ಲಿಸಿಟ್ಟು ಅಲಗನ್ನು ತಿರುಗಿಸಿ. ಮೆಕ್ಯಾನಿಕ್ಕು ಕೆಳಗಿಳಿಯದೆ ಆಸನದಿಂದ ತುಸು ಮೇಲೆದ್ದರೆ ಸಾಕು, ಕೆಲವು ಸೆಕೆಂಡುಗಳಲ್ಲಿ ಎಂಜಿನೂ ಅಲಗೂ ನಿಲ್ಲಬೇಕು. ನಿಲ್ಲದಿದ್ದರೆ, ಎಂಜಿನು ಎಷ್ಟೇ ಸೊಗಸಾಗಿ ಓಡಲಿ, ಕೆಲಸ ಮುಗಿದಿಲ್ಲವೆಂದೇ ತಿಳಿಯಿರಿ.