ಪೊಟ್ಟಣದ ಮೇಲಿನ ಮುಖ

ಸಂಘದ ಕಾಫಿ ಪುಡಿ ಹೊಸಪೇಟೆ, ಹಂಪಿಯ ಅಂಗಡಿಗಳಿಗೆ ಇನ್ನೂ ಏಕೆ ಹೋಗಿಲ್ಲವೆಂದು ಸದಸ್ಯ ಬಾಂಧವರು ಕೆಲವರು ಕೇಳಿದ್ದಾರೆ. ಪುಡಿ ಸಿದ್ಧವಿದೆ, ತಡವಾದದ್ದು ಲೇಬಲ್ಲಿನಿಂದ. ತಡೆದವನು ನಾನೇ ಆದ್ದರಿಂದ ಕಾರಣ ತಿಳಿಸಬೇಕಾದದ್ದು ನನ್ನ ಕರ್ತವ್ಯ.

ಹೊಸಪೇಟೆ ನಮ್ಮ ಮಾಲಿಗೆ ಒಳ್ಳೆಯ ಜಾಗ. ಹಂಪಿಗೆ ಬರುವ ದೇಶವಿದೇಶದ ಪ್ರವಾಸಿಗರು, ಸಂಡೂರಿನ ಗಣಿ ಕಡೆಯವರು, ಕಂಪ್ಲಿಯ ಭತ್ತ-ಬಾಳೆ ವ್ಯಾಪಾರಿಗಳು ಎಲ್ಲರೂ ಹಾಯುವ ಊರು. ಅಲ್ಲಿನ ಒಂದು ಮುದ್ರಣಾಲಯದಲ್ಲಿ ಎರಡು ಚಿತ್ರ ಬರೆಸಿ ಇಟ್ಟಿದ್ದರು. ಒಂದರಲ್ಲಿ ಹುರಿದ ಬೀಜದಷ್ಟೇ ಕಪ್ಪು ಮುಖ, ಗುಂಗುರು ಕೂದಲು, ಕಿವಿಯಿಂದ ಕಿವಿಗೆ ಹರಡಿದ ಕೆಂಪು ತುಟಿ, ಕೈಯಲ್ಲಿ ಹಬೆಯಾಡುವ ಲೋಟ. “ನಿಮ್ಮ ಕಡೆ ಸಿದ್ದಿ ಜನ ಇದ್ದಾರಲ್ಲ ಸಾರ್, ಫಾರಿನ್ನಿನವರಿಗೆ ಹಿಡಿಸುತ್ತೆ” ಎಂದರು. ಇನ್ನೊಂದರಲ್ಲಿ ಕನ್ನಡಿ ಕೂರಿಸಿದ ರವಿಕೆಯ ಲಂಬಾಣಿ ಹೆಣ್ಣು, ಬಾಗಿ ಲೋಟ ನೀಡುತ್ತಿರುವಂತೆ. ಸತ್ಯ ಹೇಳುವುದಾದರೆ ಮೊದಲನೆಯದು ನನಗೂ ಹಿಡಿಸಿತು. ಮುಂಗಡ ಕೊಟ್ಟು ಬಂದೆ.

ಮನೆಯಲ್ಲಿ ಮಾದರಿ ಹಾಳೆ ಜಗಲಿಯ ಮೇಲಿತ್ತು. ಅಡಿಕೆ ಸುಲಿಯಲು ಬಂದಿದ್ದ ಸಿದ್ದಿ ಹೆಂಗಸು ಅದನ್ನು ಬಹಳ ಹೊತ್ತು ನೋಡಿದಳು. “ಹೆಗಡೇರೆ, ಇವ ಯಾವ ಊರವ? ನಾ ಇಲ್ಲೇ ಹುಟ್ಟಿದವಳು, ನನ್ನ ಅಜ್ಜಿಯೂ ಇಲ್ಲಿಯವಳೇ. ನಮ್ಮಲ್ಲಿ ಹಿಂಗಿದ್ದವರನ್ನ ನಾ ಕಂಡಿಲ್ಲ” ಎಂದಳು. ನಾನು ಉತ್ತರ ಕೊಡಲಿಲ್ಲ. ಹಾಳೆಯನ್ನು ಒಳಗೆ ತೆಗೆದಿಟ್ಟೆ.

ಆ ಮುಖ ಹೊಸಪೇಟೆಯಲ್ಲಿ ಹುಟ್ಟಿದ್ದಲ್ಲ. ಹಳೆಯ ವಿದೇಶಿ ಡಬ್ಬಿಗಳಿಂದ ಇಳಿದು ಬಂದದ್ದು. ಗ್ಲಾಸ್ಗೋ ನಗರದಲ್ಲಿ 1876ರಿಂದ ತಯಾರಾದ ‘ಕ್ಯಾಂಪ್’ ಎಂಬ ಕಾಫಿ-ಚಿಕೋರಿ ಸಾರದ ಬಾಟಲಿಯ ಮೇಲೆ ಗುಡಾರದ ಮುಂದೆ ಕುಳಿತ ಸ್ಕಾಟ್ ಸೈನ್ಯಾಧಿಕಾರಿ, ಪಕ್ಕದಲ್ಲಿ ತಟ್ಟೆ ಹಿಡಿದು ನಿಂತ ಸಿಖ್ ಸೇವಕ. ಮುಂದೆ ಟೀಕೆ ಬಂದಾಗ ತಟ್ಟೆಯನ್ನು ಅಳಿಸಿದರು. ಸೇವಕ ಬರಿಗೈಯಲ್ಲಿ ನಿಂತೇ ಇದ್ದ. 2006ರ ಹೊತ್ತಿಗೆ ಅವನಿಗೂ ಕೂರಲು ಜಾಗ, ಕೈಗೊಂದು ಕಪ್ಪು ದೊರೆಯಿತು. ಕೂರಿಸಲು ನೂರು ವರ್ಷದ ಮೇಲೆ ಬೇಕಾಯಿತು, ನೋಡಿ. ವಿಯೆನ್ನಾದ ಯೂಲಿಯಸ್ ಮೈನ್ಲ್ ಕಂಪನಿಯ ಗುರುತು 1924ರಿಂದ ಕೆಂಪು ಟೋಪಿಯ ಕರಿಯ ಹುಡುಗ. 2004ರಲ್ಲಿ ಬಣ್ಣ ತೆಗೆದು ಬರಿಯ ಕೆಂಪು ಮಾಡಿದರು. ಅಮೆರಿಕದ ‘ಆಂಟ್ ಜೆಮೈಮಾ’ ದೋಸೆಹಿಟ್ಟಿನ ನಗುಮುಖದ ಕರಿಯ ಅಡುಗೆಯಾಕೆಯನ್ನು ಕೈಬಿಡುವುದಾಗಿ 2020ರಲ್ಲಿ ಪ್ರಕಟಿಸಿ, 2021ರಲ್ಲಿ ಹೆಸರನ್ನೇ ಬದಲಿಸಿದರು. ಮಾರುಕಟ್ಟೆಯ ಲಾಭವನ್ನೇ ನೋಡುವ ಕಂಪನಿಗಳೂ ಬಿಟ್ಟದ್ದನ್ನು ನಾವು ಈಗ ಹೊಸದಾಗಿ ಅಚ್ಚು ಹಾಕಿಸಹೊರಟಿದ್ದೆವು.

ಬೆರಕೆ ಮೂಲದ ಜನರ ವಿಷಯದಲ್ಲಿ ಈ ಚಾಳಿ ಇನ್ನೂ ವಿಚಿತ್ರ. ಅವರನ್ನು ಮನುಷ್ಯರ ಹೆಸರಿನಿಂದಲ್ಲ, ತಿನ್ನುವ ಕುಡಿಯುವ ಪದಾರ್ಥದ ಹೆಸರಿನಿಂದ ಗುರುತಿಸುತ್ತಾರೆ. ಕಾಫಿ ಬೆಳೆಯುವ ದಕ್ಷಿಣ ಅಮೆರಿಕದಲ್ಲಿ ಬಿಳಿಯ-ಕರಿಯ ಮಿಶ್ರ ಸಂತತಿಯವರನ್ನು ‘ಹಾಲು ಬೆರೆಸಿದ ಕಾಫಿ’ ಎನ್ನುವ ರೂಢಿ. ‘ಮುಲಾಟೊ’ ಎಂಬ ಹಳೆಯ ಮಾತು ಹೇಸರಗತ್ತೆಯ ಹೆಸರಿನಿಂದ ಬಂದದ್ದೆಂದು ಹಲವರ ಮತ. ಬ್ರೆಜಿಲಿನ ಜಾರ್ಜ್ ಅಮಾಡೊ 1958ರಲ್ಲಿ ಬರೆದ ಕೋಕೋ ತೋಟಗಳ ಸೀಮೆಯ ಕಾದಂಬರಿಯಲ್ಲಿ ಮಿಶ್ರವರ್ಣದ ಅಡುಗೆಯಾಕೆ ಗೇಬ್ರಿಯೇಲಾಳ ಹೆಸರಿನ ಜೊತೆಗೇ ಲವಂಗ, ದಾಲ್ಚಿನ್ನಿ ಅಂಟಿಕೊಂಡಿವೆ. ಕಾದಂಬರಿಯಲ್ಲಿ ಅವಳಿಗೊಂದು ಬದುಕಾದರೂ ಇದೆ. ಜಾಹೀರಾತಿನವರು ಬದುಕನ್ನು ಬಿಟ್ಟು ಬಣ್ಣ, ರುಚಿ, ನಗು ಇಷ್ಟನ್ನೇ ತೆಗೆದುಕೊಳ್ಳುತ್ತಾರೆ. ನಮ್ಮ ವಧೂವರರ ಜಾಹೀರಾತಿನಲ್ಲಿ ‘ಗೋಧಿಬಣ್ಣ’ ಎಂದು ಬರೆಸುವ ನಾವು ಇದನ್ನು ದೂರದವರ ದೋಷವೆಂದು ನಗುವಂತಿಲ್ಲ.

ಸಿದ್ದಿಗಳ ವಿಷಯ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಸೀಮೆಯವರಿಗೆ ಗೊತ್ತು. ಬೇರೆಯವರಿಗಾಗಿ ಎರಡು ಮಾತು. ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದ ಆಫ್ರಿಕದವರ ವಂಶಸ್ಥರು ಇವರಲ್ಲಿ ಬಹುಮಂದಿ. ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರಿದ್ದಾರೆ. ಇವರಲ್ಲಿ ಆಫ್ರಿಕದ ಮೂಲದೊಂದಿಗೆ ಭಾರತದ ಮತ್ತು ಸ್ವಲ್ಪ ಯೂರೋಪಿನ ಅಂಶವೂ ಬೆರೆತಿದೆಯೆಂದು 2011ರಲ್ಲಿ ಪ್ರಕಟವಾದ ಆನುವಂಶಿಕ ಅಧ್ಯಯನ ತೋರಿಸಿದೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರಿದ್ದಾರೆ; ಕನ್ನಡ, ಕೊಂಕಣಿ ಆಡುತ್ತಾರೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ನಮ್ಮ ಅಡಿಕೆ ತೋಟಗಳು ಎಷ್ಟೋ ತಲೆಮಾರಿನಿಂದ ಇವರ ಕೈಯಿಂದ ನಡೆದಿವೆ. ಆದರೂ ಪಟ್ಟಣಕ್ಕೆ ಹೋದರೆ “ಯಾವ ದೇಶದವರು?” ಎಂಬ ಪ್ರಶ್ನೆ ತಪ್ಪಿಲ್ಲ. ನಮ್ಮ ಪೊಟ್ಟಣ ಆ ಪ್ರಶ್ನೆಯನ್ನೇ ಅಂಗಡಿ ಅಂಗಡಿಯಲ್ಲಿ ತೂಗುಹಾಕುತ್ತಿತ್ತು.

ಲಂಬಾಣಿ ಚಿತ್ರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಅದು ಆ ಹೆಂಗಸರ ಕೈಕಸುಬು, ನಮ್ಮ ಕಾಫಿಯ ಅಲಂಕಾರವಲ್ಲ. ಬಳ್ಳಾರಿ ಸೀಮೆಯಿಂದ ಮಲೆನಾಡಿನ ಕಾಫಿ ಕೊಯ್ಲಿಗೆ ಕೂಲಿಗೆ ಬರುವವರಿದ್ದಾರೆ. ಅವರು ಬಾಗಿ ಲೋಟ ನೀಡಲು ಬರುವುದಿಲ್ಲ.

ಹೊಸಪೇಟೆಗೆ ಎರಡನೆಯ ಸಲ ಹೋದಾಗ ಹಂಪಿಯ ಮಹಾನವಮಿ ದಿಬ್ಬವನ್ನೂ ನೋಡಿ ಬಂದೆ. ಉಬ್ಬುಶಿಲ್ಪಗಳಲ್ಲಿ ಚೂಪು ಟೋಪಿ, ಗಡ್ಡದ ಪರದೇಶಿಗಳಿದ್ದಾರೆ. ಶಿಲ್ಪಿಗೂ ಅವರೆಲ್ಲ ಒಂದೇ ಅಚ್ಚಿನವರಾಗಿ ಕಂಡಿರಬೇಕು. ಆದರೆ ಅವನು ಅವರಿಂದ ಏನನ್ನೂ ಮಾರಿಸಲಿಲ್ಲ.

ಕಾನೂನಿನ ಕಡೆಯಿಂದ ಒಂದು ವಿಷಯ. 1985ರಲ್ಲಿ ಸ್ಥಾಪನೆಯಾದ ಭಾರತೀಯ ಜಾಹೀರಾತು ಮಾನದಂಡ ಪರಿಷತ್ತಿನ ಸಂಹಿತೆಯು ಜನಾಂಗ, ಜಾತಿ, ವರ್ಣ, ಮತಗಳನ್ನು ಹೀಗಳೆಯುವ ಜಾಹೀರಾತನ್ನು ಒಪ್ಪುವುದಿಲ್ಲ. ಇನ್ನು ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಶೇ. 51ಕ್ಕೆ ಕಡಿಮೆಯಿರಬಾರದು, ಪ್ರಮಾಣವನ್ನು ಲೇಬಲ್ಲಿನಲ್ಲಿ ಮುದ್ರಿಸಲೇಬೇಕು. ಆ ಮಾದರಿಯಲ್ಲಿ ಮುಖ ಎಷ್ಟು ದೊಡ್ಡದಿತ್ತೆಂದರೆ ಪ್ರಮಾಣಕ್ಕೆ ಜಾಗವೇ ಉಳಿದಿರಲಿಲ್ಲ!

ಎರಡೂ ಚಿತ್ರಗಳನ್ನು ಹಿಂದಿರುಗಿಸಿದ್ದೇನೆ. ಹೊಸ ಮಾದರಿಯಲ್ಲಿ ಸಂಘದ ಹೆಸರು, ಬೀಜ ಬಂದ ಊರು, ಹುರಿದ ದಿನಾಂಕ, ಕಾಫಿ-ಚಿಕೋರಿ ಪ್ರಮಾಣ, ಒಂದು ಕಾಫಿ ರೆಂಬೆ ಮಾತ್ರ ಇವೆ. ಮುಂಗಡ ಹಣ ವಾಪಸು ಬರುವುದಿಲ್ಲ. ಅದನ್ನು ನನ್ನ ಲೆಕ್ಕಕ್ಕೆ ಹಾಕಬೇಕೆಂದು ಆಡಳಿತ ಮಂಡಳಿಗೆ ಬರೆದುಕೊಟ್ಟಿದ್ದೇನೆ. ಮಾದರಿ ಕಚೇರಿಯಲ್ಲಿದೆ, ಸದಸ್ಯರು ಬಂದು ನೋಡಬಹುದು. ಅಡಿಕೆ ಸುಲಿಯುವಾಕೆಗೂ ತೋರಿಸಿದೆ. “ರೆಂಬೆ ಸರಿ ಇದೆ, ಹಣ್ಣು ಇನ್ನೂ ನಾಕು ಬಿಡಿಸಿ” ಎಂದಳು. ಬಿಡಿಸಲು ಹೇಳಿದ್ದೇನೆ.