ನರಗುಂದದಲ್ಲೂ ನಡೆದ ‘ಬೇಬಲ್’ ಮ್ಯಾಜಿಕ್

ಫ್ಯಾಂಟಸಿ ಕಾದಂಬರಿ ಅಂದ ಕೂಡಲೇ ನಮಗೆ ನೆನಪಾಗೋದು ಮಂತ್ರದಂಡ, ಡ್ರ್ಯಾಗನ್. ಆರ್. ಎಫ್. ಕ್ವಾಂಗ್ ಬರೆದ ‘ಬೇಬಲ್’ (2022) ಕಾದಂಬರಿಯಲ್ಲಿ ಮ್ಯಾಜಿಕ್ ಬರೋದು ಬೆಳ್ಳಿ ಮತ್ತು ಅನುವಾದದಿಂದ.

ಅದು ಕೆಲಸ ಮಾಡೋದು ಹೀಗೆ. ಬೆಳ್ಳಿ ಗಟ್ಟಿಯ ಮೇಲೆ ಒಂದು ಭಾಷೆಯ ಪದ, ಅದರ ಜೋಡಿಗೆ ಇನ್ನೊಂದು ಭಾಷೆಯ ಪದ ಕೆತ್ತಬೇಕು. ಯಾವ ಅನುವಾದವೂ ಪೂರ್ತಿ ಆಗೋದಿಲ್ಲ, ಒಂಚೂರು ಅರ್ಥ ನಡುವೆ ಬಿದ್ದು ಹೋಗ್ತದೆ. ಹಾಗೆ ಬಿದ್ದ ಅರ್ಥವೇ ಶಕ್ತಿಯಾಗಿ ಹೊರಬರ್ತದೆ. ಆದರೆ ಎರಡೂ ಭಾಷೆಯನ್ನು ಒಳಗಿಂದ ಬಲ್ಲವರು ಆ ಪದಗಳನ್ನು ಹೇಳಬೇಕು. ಅದಕ್ಕೇ 1830ರ ದಶಕದ ಆಕ್ಸ್‌ಫರ್ಡ್‌ಗೆ ಕ್ಯಾಂಟನ್‌ನ ರಾಬಿನ್, ಕಲ್ಕತ್ತೆಯ ರಾಮಿ ಥರದ ಹುಡುಗರನ್ನು ತಂದು ಓದಿಸ್ತಾರೆ. ಅವರ ಭಾಷೆಯಿಂದ ಹುಟ್ಟಿದ ಶಕ್ತಿ ಕೊನೆಗೆ ಅವರ ಊರನ್ನೇ ಹಿಡಿಯೋಕೆ ಬಳಕೆಯಾಗ್ತದೆ.

ಇದೆಲ್ಲ ಬರೀ ಕಲ್ಪನೆ ಅನ್ನಿಸಿದರೆ ನಮ್ಮ ಕಡೆಯ ಒಂದು ಇತಿಹಾಸ ನೋಡ್ರಿ. ನಮ್ಮೂರು ಮುಶಿಗೇರಿ. ಅಲ್ಲಿಂದ ರೋಣ ದಾಟಿ ಹೋದರೆ ನರಗುಂದ. ಅಲ್ಲಿನ ಅರಸ ಬಾಬಾಸಾಹೇಬ ಭಾಸ್ಕರರಾವ್ ಭಾವೆಗೆ ಗಂಡುಮಕ್ಕಳಿರಲಿಲ್ಲ. ದತ್ತಕ ತಗೊಳ್ಳೋಕೆ ಅನುಮತಿ ಕೇಳಿದ, ಕಂಪನಿ ಸರಕಾರ ಕೊಡಲಿಲ್ಲ.

ಇಲ್ಲಿ ಪದಗಳನ್ನು ಗಮನಿಸಬೇಕು. ನಮ್ಮಲ್ಲಿ ದತ್ತಕ ಅಂದ್ರೆ ಮಗ, ಅಷ್ಟೇ. ಆಸ್ತಿ, ಹೆಸರು, ಪಿಂಡ ಹಾಕುವ ಹಕ್ಕು ಎಲ್ಲ ಅವನದೇ. ಇಂಗ್ಲೆಂಡಿನಲ್ಲಿ ದತ್ತಕಕ್ಕೆ ಕಾನೂನೇ ಬಂದದ್ದು 1926ರಲ್ಲಿ! ಆದರೆ ಡಾಲ್‌ಹೌಸಿಯ ಕಾಲದಲ್ಲಿ ಅವರು ನಮ್ಮ ದತ್ತಕವನ್ನು ತಮ್ಮ ಭಾಷೆಯಲ್ಲಿ ಓದಿದರು: ಸ್ವಂತ ಆಸ್ತಿಗೆ ಇವನು ಮಗ ಹೌದು, ನಮ್ಮ ಒಪ್ಪಿಗೆ ಇಲ್ಲದೆ ಗಾದಿಗೆ ಅಲ್ಲ. ಗಾದಿ ‘ಲ್ಯಾಪ್ಸ್’. ಈಗ ನಾವು ಇನ್ಶೂರೆನ್ಸ್ ಪಾಲಿಸಿ ಲ್ಯಾಪ್ಸ್ ಆಯ್ತು ಅಂತೀವಲ್ಲ, ಅದೇ ಪದ. ಎರಡು ಪದಗಳ ನಡುವೆ ಬಿದ್ದ ಅರ್ಥದಿಂದ 1848ರಲ್ಲಿ ಸಾತಾರಾ ಹೋಯ್ತು, ಆಮೇಲೆ ಝಾನ್ಸಿ. ಬೆಳ್ಳಿ ಬೇಕಾಗಲಿಲ್ಲ, ಕಾಗದ ಸಾಕಾಯ್ತು.

ಮುಂದಿನದು ಗೊತ್ತಿರೋದೇ. 1858ರ ಮೇ ಕೊನೆಗೆ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನ ಕೊಲೆ, ಕೆಲವೇ ದಿನಗಳಲ್ಲಿ ನರಗುಂದದ ಪತನ, ಜೂನ್‌ನಲ್ಲಿ ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು.

ಕತೆಗೆ ಇನ್ನೊಂದು ಮುಖವೂ ಇದೆ. ಆಯುಧ ಒಪ್ಪಿಸಿರಿ ಅನ್ನುವ ಕಾನೂನಿನ ವಿರುದ್ಧ 1857ರಲ್ಲಿ ಎದ್ದ ಹಲಗಲಿಯ ಬೇಡರ ಮೇಲೆ ನಮ್ಮ ಜನ ಲಾವಣಿ ಕಟ್ಟಿದರು. ಅದನ್ನು ಬರೆದುಕೊಂಡು, ಇಂಗ್ಲಿಷಿಗೆ ಅನುವಾದಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಹಾಕಿಸಿದವನು ಜೆ. ಎಫ್. ಫ್ಲೀಟ್, ಬ್ರಿಟಿಷ್ ಅಧಿಕಾರಿ. ಅವನ ಕೆಲಸಕ್ಕೆ ನಾವು ಋಣಿಗಳೇ. ಆದರೂ ‘ಬೇಬಲ್’ ಓದಿದ ಮೇಲೆ ಒಂದು ಪ್ರಶ್ನೆ ಉಳೀತದೆ: ಅನುವಾದ ಮಾಡೋದು ಯಾರು, ಯಾರ ಸಲುವಾಗಿ?

ನಾನು ಇಂಗ್ಲಿಷ್ ಮೀಡಿಯಂ. ‘ಲ್ಯಾಪ್ಸ್’ ನನಗೆ ಮೊದಲು ಗೊತ್ತಾಯ್ತು, ‘ದತ್ತಕ’ ಆಮೇಲೆ. ಥರ್ಮೋಡೈನಮಿಕ್ಸನ್ನು ಇಂಗ್ಲಿಷಿನಲ್ಲಿ ಓದಿ, ರಾತ್ರಿ ಫೋನಿನಲ್ಲಿ ಅವ್ವನ ಜೊತೆ ಕನ್ನಡದಲ್ಲಿ ಮಾತಾಡೋರು ಈ ಕ್ಯಾಂಪಸ್ಸಿನಲ್ಲಿ ಬಹಳ ಮಂದಿ ಇದ್ದೀವಿ. ಕಾದಂಬರಿಯ ಲೆಕ್ಕದಲ್ಲಿ ಶಕ್ತಿ ಇರೋದು ಇಂಥವರ ಕೈಯಲ್ಲೇ. ಆದರೆ ಒಂದು ಪದ ಅಳಿಸಿ ಹೋದರೆ ಆ ಗಟ್ಟಿ ಬರೀ ಬೆಳ್ಳಿ.