ನಾಗಸ್ವರದ ಮನೆಗೆ ಬಂದ ಸ್ಯಾಕ್ಸೊಫೋನ್

ಕಳಕ್ಕೂಟಂನಲ್ಲಿ ನೆಲೆಸಿರುವ ಕನ್ನಡಿಗರ ಮನೆಯೊಂದರಲ್ಲಿ ಈಚೆಗೆ ಸೇರಿದ್ದ ಸಾಯಂಕಾಲದ ಗೋಷ್ಠಿಯಲ್ಲಿ ಸಣ್ಣದೊಂದು ವಿವಾದ ಎದ್ದಿತು. ಟೆಕ್ನೋಪಾರ್ಕಿನಲ್ಲಿ ಉದ್ಯೋಗದಲ್ಲಿರುವ ತರುಣರೊಬ್ಬರು ಕದ್ರಿ ಗೋಪಾಲನಾಥರ ಧ್ವನಿಮುದ್ರಿಕೆಯನ್ನು ಕೇಳಿಸಿ, ಇದು ಜಾಜ್ ಸಂಗೀತದ ದಕ್ಷಿಣ ದೇಶದ ಶಾಖೆಯೆಂದು ಹೇಳಿದರು. ಬಂಟ್ವಾಳದ ಕಡೆಯ ಹಿರಿಯರೊಬ್ಬರಿಗೆ ಆ ಮಾತು ಹಿಡಿಸಲಿಲ್ಲ. "ಜಾಜೂ ಅಲ್ಲ ಗೀಜೂ ಅಲ್ಲ ಮಾರಾಯರೆ, ಇದು ನಮ್ಮ ದೇವಸ್ಥಾನದ ವಾದ್ಯವೇ. ಹಿತ್ತಾಳೆಯಲ್ಲಿ ಕೇಳಿಸುತ್ತಿದೆ, ಅಷ್ಟೆ" ಎಂದರು. ಕಾಫಿಯ ಲೋಟಗಳು ಬರಿದಾದರೂ ವಿವಾದ ಮುಗಿಯಲಿಲ್ಲ. ಇಬ್ಬರ ಮಾತಿನಲ್ಲಿಯೂ ಒಂದೊಂದು ಪಾಲು ಸತ್ಯವಿದೆಯೆಂದು ನಮಗೆ ತೋರಿದುದರಿಂದ, ಆ ಸತ್ಯಗಳನ್ನು ಬೇರೆ ಬೇರೆಯಾಗಿ ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬ ವಾದ್ಯಶಿಲ್ಪಿ ತಾನು ನಿರ್ಮಿಸಿದ ಈ ವಾದ್ಯಕ್ಕೆ ಪ್ಯಾರಿಸಿನಲ್ಲಿ ಹಕ್ಕುಪತ್ರ ಪಡೆದುದು 1846ರಲ್ಲಿ. ಅದೇ ವರ್ಷದ ಕೊನೆಯಲ್ಲಿ ತಿರುವನಂತಪುರದಲ್ಲಿ ಸ್ವಾತಿ ತಿರುನಾಳ್ ಮಹಾರಾಜರು ತೀರಿಕೊಂಡರು. ಎರಡಕ್ಕೂ ಸಂಬಂಧವೇನೂ ಇಲ್ಲ. ಆದರೂ ಕನ್ನಡದಲ್ಲಿಯೂ ಪದರಚನೆ ಮಾಡಿದ ಆ ಅರಸರು ತಮ್ಮ ಆಸ್ಥಾನದ ವಡಿವೇಲುವಿಗೆ 1834ರಲ್ಲಿ ದಂತದ ಪಿಟೀಲನ್ನು ಕೊಟ್ಟು ಗೌರವಿಸಿದ್ದನ್ನು ಇಲ್ಲಿ ನೆನೆಯಬೇಕು. ಪಿಟೀಲು ಅಂದು ಪರದೇಶದ ವಾದ್ಯವೇ. ಇಂದು ಅದಿಲ್ಲದೆ ಕಚೇರಿ ನಡೆಯುವುದು ಅಪರೂಪ. ಸ್ಯಾಕ್ಸೊಫೋನಿಗೆ ಆ ದಾರಿ ಇಷ್ಟು ಸುಲಭವಾಗಿರಲಿಲ್ಲ. ಅದಕ್ಕೆ ಕಾರಣ ವಾದ್ಯದ ರಚನೆಯಲ್ಲಿಯೇ ಇದೆ.

ನಾಗಸ್ವರದಲ್ಲಿ ವಾದಕನ ಬೆರಳು ರಂಧ್ರವನ್ನು ನೇರವಾಗಿ ಮುಟ್ಟುತ್ತದೆ. ರಂಧ್ರವನ್ನು ಅರ್ಧ ಮುಚ್ಚಿ, ಕಾಲು ಮುಚ್ಚಿ, ಬೆರಳನ್ನು ಮೆಲ್ಲನೆ ಜಾರಿಸಿ ಅವನು ಸ್ವರವನ್ನು ಸ್ವರಕ್ಕೆ ಬೆಸೆಯುತ್ತಾನೆ. ನಮ್ಮ ಗಮಕವೆಂದರೆ ಈ ಬೆಸುಗೆಯೇ. ಸ್ಯಾಕ್ಸೊಫೋನಿನಲ್ಲಿ ಇಪ್ಪತ್ತಕ್ಕೂ ಮಿಕ್ಕ ರಂಧ್ರಗಳಿದ್ದು, ಎಲ್ಲಕ್ಕೂ ಮೆತ್ತೆಯ ಮುಚ್ಚಳಗಳಿವೆ. ಬೆರಳು ಕೀಲಿಯನ್ನು ಒತ್ತುತ್ತದೆಯೇ ಹೊರತು ರಂಧ್ರವನ್ನು ಮುಟ್ಟುವುದಿಲ್ಲ. ಮುಚ್ಚಳ ತೆರೆದರೆ ಒಂದು ಸ್ವರ, ಮುಚ್ಚಿದರೆ ಇನ್ನೊಂದು. ನಡುವಣ ಹಾದಿ ವಾದ್ಯಶಿಲ್ಪಿಯ ಎಣಿಕೆಯಲ್ಲಿ ಇರಲಿಲ್ಲ. ಆದ್ದರಿಂದ ಬೆರಳು ಮಾಡುತ್ತಿದ್ದ ಕೆಲಸದ ಬಹುಭಾಗವನ್ನು ತುಟಿ, ದವಡೆ, ಗಂಟಲು, ಉಸಿರುಗಳು ಹೊರಬೇಕಾಗುತ್ತದೆ.

ಹಾಗಿದ್ದರೂ ಎರಡು ವಾದ್ಯಗಳಿಗೆ ಒಂದು ಗುಪ್ತವಾದ ನಂಟುಂಟು. ನಾಗಸ್ವರದ ಕೊಳವೆ ಮೇಲಿನಿಂದ ಕೆಳಕ್ಕೆ ಅಗಲವಾಗುತ್ತ ಹೋಗುವ ಶಂಕುವಿನಾಕಾರದ್ದು, ಸ್ಯಾಕ್ಸೊಫೋನಿನದೂ ಹಾಗೆಯೇ. ಇಂತಹ ಕೊಳವೆಯಲ್ಲಿ ಉಸಿರನ್ನು ಬಿಗಿಗೊಳಿಸಿದರೆ ಸ್ವರ ಸರಿಯಾಗಿ ಒಂದು ಸ್ಥಾಯಿ ಮೇಲಕ್ಕೆ ನೆಗೆಯುತ್ತದೆ. ಮಧ್ಯಸ್ಥಾಯಿಯ ಬೆರಳುಗಾರಿಕೆ ತಾರಸ್ಥಾಯಿಯಲ್ಲಿಯೂ ಹೆಚ್ಚು ಕಡಮೆ ಅದೇ ಆಗಿ ಉಳಿಯುತ್ತದೆ. ಬಹುಪಾಲು ಸಮನಾದ ಕೊಳವೆಯುಳ್ಳ ಕ್ಲಾರಿಯೊನೆಟ್ಟಿನಲ್ಲಿ ಹಾಗಲ್ಲ. ಅಲ್ಲಿ ನೆಗೆತ ಸ್ಥಾಯಿಯನ್ನು ದಾಟಿ ಅದರ ಮೇಲಣ ಪಂಚಮಕ್ಕೆ ಹೋಗುತ್ತದೆ, ಬೆರಳುಗಾರಿಕೆಯೂ ಬದಲಾಗುತ್ತದೆ. ಲೋಹದಿಂದ ಮಾಡಿದ್ದರೂ, ನೋಡಲು ಪೂರ್ತಿ ವಿದೇಶಿಯಾಗಿದ್ದರೂ, ಸ್ಯಾಕ್ಸೊಫೋನ್ ಈ ಒಂದು ಗುಣದಲ್ಲಿ ನಾಗಸ್ವರದ ದಾಯಾದಿ. ಹಿರಿಯರ ಮಾತಿಗೆ ವಿಜ್ಞಾನದ ಬೆಂಬಲ ಇಷ್ಟುಮಟ್ಟಿಗೆ ದೊರೆಯುತ್ತದೆ.

ಇನ್ನು ತರುಣರ ಪಕ್ಷ. ಈ ವಾದ್ಯವನ್ನು ಸೈನ್ಯದ ಬ್ಯಾಂಡಿನಿಂದ ಬಿಡಿಸಿ ಮನುಷ್ಯನ ಕಂಠಕ್ಕೆ ಹತ್ತಿರ ತಂದವರು ಅಮೆರಿಕದ ನೀಗ್ರೋ ವಾದಕರು, ಇಂದಿನ ಮಾತಿನಲ್ಲಿ ಕಪ್ಪು ಜನಾಂಗದ ಕಲಾವಿದರು. ಸಿಡ್ನಿ ಬೆಶೆ, ಕೋಲ್ಮನ್ ಹಾಕಿನ್ಸ್, ಸ್ವರದಿಂದ ಸ್ವರಕ್ಕೆ ಎಣ್ಣೆಯಂತೆ ಜಾರುತ್ತಿದ್ದ ಜಾನಿ ಹಾಜಸ್, ಚಾರ್ಲಿ ಪಾರ್ಕರ್: ಇವರೆಲ್ಲರೂ ಕೀಲಿಗಳ ನಡುವಣ ಸಂದಿಯಲ್ಲಿ ಸಂಗೀತವಿದೆಯೆಂಬುದನ್ನು ತೋರಿಸಿಕೊಟ್ಟರು. ಜಾನ್ ಕೋಲ್ಟ್ರೇನ್ 1961ರಲ್ಲಿ ಇಂಡಿಯಾ ಎಂಬ ಹೆಸರಿನ ಕೃತಿಯನ್ನೇ ನುಡಿಸಿದನು. 1965ರಲ್ಲಿ ಹುಟ್ಟಿದ ಮಗನಿಗೆ ರವಿಶಂಕರರ ಹೆಸರಿನಿಂದ ರವಿಯೆಂದು ನಾಮಕರಣ ಮಾಡಿದನು. ಈ ಪರಂಪರೆ ಭಾರತಕ್ಕೆ ಹಡಗಿನಲ್ಲಿಯೇ ಬಂದಿತು. ಮುಂಬಯಿಯ ತಾಜ್ ಹೋಟೆಲಿನಲ್ಲಿ ಲಿಯಾನ್ ಆಬಿಯ ತಂಡ 1935ರಲ್ಲಿ ನುಡಿಸಿತು; ಗೋವೆಯ ವಾದಕರು ಆ ವಿದ್ಯೆಯನ್ನು ಕಲಿತು ಹಿಂದಿ ಚಿತ್ರಗಳ ವಾದ್ಯವೃಂದಕ್ಕೆ ಕೊಂಡೊಯ್ದರು. ಕಲ್ಕತ್ತೆಯಿಂದ ಬಂದ ಮನೋಹಾರಿ ಸಿಂಗರ ಸ್ಯಾಕ್ಸೊಫೋನನ್ನು ಹೆಸರು ತಿಳಿಯದೆಯೇ ಕೇಳಿದ ಕನ್ನಡಿಗರು ಲಕ್ಷಗಟ್ಟಲೆ ಇದ್ದಾರೆ.

ಆದರೆ ಗೋಪಾಲನಾಥರು ಈ ಹಾದಿಯಿಂದ ಬಂದವರಲ್ಲ. 1949ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ ಹುಟ್ಟಿದ ಅವರಿಗೆ ತಂದೆ ತನಿಯಪ್ಪನವರೇ ನಾಗಸ್ವರದ ಗುರು. ಬಾಲ್ಯದಲ್ಲಿ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಅದಕ್ಕೆ ಮನಸೋತರು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರರಲ್ಲಿ ಕಲಿತು, ಮದ್ರಾಸಿಗೆ ಹೋಗಿ ಟಿ. ವಿ. ಗೋಪಾಲಕೃಷ್ಣನ್ ಅವರ ಶಿಷ್ಯರಾದರು. ಕೇರಳವಾಸಿಗಳಾದ ನಮಗೆ ಈ ಕೊನೆಯ ಹೆಸರು ವಿಶೇಷವಾದುದು. ಕೊಚ್ಚಿಯ ಪಕ್ಕದ ತೃಪ್ಪೂಣಿತ್ತುರದಲ್ಲಿ ಹುಟ್ಟಿದ, ಚೆಂಬೈ ವೈದ್ಯನಾಥ ಭಾಗವತರ ಶಿಷ್ಯರಾದ ಅವರು ಗಾಯಕರೂ ಹೌದು, ಮೃದಂಗವಾದಕರೂ ಹೌದು. ಹಾಡುವವನ ಉಸಿರು ಎಲ್ಲಿ ನಿಲ್ಲಬೇಕೆಂಬುದನ್ನೂ ಲಯ ಎಲ್ಲಿ ಬಿಗಿಯಬೇಕೆಂಬುದನ್ನೂ ಒಟ್ಟಿಗೆ ಬಲ್ಲ ಗುರುವಿನ ಕೈಯಲ್ಲಿ ತುಳುನಾಡಿನ ಶಿಷ್ಯನ ಹಿತ್ತಾಳೆಯ ವಾದ್ಯ ಹಾಡುವುದನ್ನು ಕಲಿಯಿತು. ಅದು ಒಂದೆರಡು ವರ್ಷಗಳ ಸಾಧನೆಯಲ್ಲ. ಕರ್ಣಾಟಕ ಸಂಗೀತಕ್ಕೆ ಒಗ್ಗುವಂತೆ ವಾದ್ಯದಲ್ಲಿಯೂ ಅವರು ಕೆಲವು ಮಾರ್ಪಾಟುಗಳನ್ನು ಮಾಡಿಕೊಂಡರು.

ಜಾಜ್ ಅವರನ್ನು ಕಂಡುಕೊಂಡದ್ದು ಇದೆಲ್ಲ ಆದ ಮೇಲೆ. 1980ರಲ್ಲಿ ಮುಂಬಯಿಯ ಜಾಜ್ ಉತ್ಸವದಲ್ಲಿ ಇವರ ವಾದನವನ್ನು ಕೇಳಿದ ಅಮೆರಿಕದ ಜಾನ್ ಹ್ಯಾಂಡಿಯವರು ತಾವೂ ಜೊತೆಗೆ ನುಡಿಸಬೇಕೆಂದು ಅಪೇಕ್ಷೆಪಟ್ಟರು. ಹ್ಯಾಂಡಿ ಅದಕ್ಕೂ ಮೊದಲೇ ಅಲಿ ಅಕ್ಬರ್ ಖಾನರೊಡನೆ ನುಡಿಸಿದ್ದವರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಬಿ.ಬಿ.ಸಿ. ಪ್ರಾಮೆನೇಡ್ ಕಚೇರಿಗೆ ಗೋಪಾಲನಾಥರಿಗೆ ಆಹ್ವಾನ ಬಂದಿತು.

ಈ ಕಥೆಗೆ ಒಂದು ಕನ್ನಡಿಬಿಂಬವೂ ಉಂಟು. ಅದನ್ನು ಬಲ್ಲವರು ಕಡಮೆ. ಬಾಸ್ಟನ್ನಿನ ಜಾಜ್ ವಾದಕ ಚಾರ್ಲಿ ಮಾರಿಯಾನೊ ತಮ್ಮ ಸ್ಯಾಕ್ಸೊಫೋನನ್ನು ಪಕ್ಕಕ್ಕಿಟ್ಟು ನಾಗಸ್ವರವನ್ನು ಅಭ್ಯಾಸ ಮಾಡಿದರು. ಮುಂದೆ ಬೆಂಗಳೂರಿನಲ್ಲಿ ಟಿ. ಎ. ಎಸ್. ಮಣಿಯವರು 1964ರಲ್ಲಿ ಸ್ಥಾಪಿಸಿದ ಕರ್ನಾಟಕ ತಾಳವಾದ್ಯ ಕಾಲೇಜಿನ ತಂಡದೊಡನೆ, ಆರ್. ಎ. ರಮಾಮಣಿಯವರ ಗಾಯನದೊಡನೆ, 1983ರಲ್ಲಿ ಜ್ಯೋತಿ ಎಂಬ ಧ್ವನಿಮುದ್ರಿಕೆಯನ್ನು ಮಾಡಿದರು. ನಾಗಸ್ವರದವರ ಮಗ ಸ್ಯಾಕ್ಸೊಫೋನಿನ ಕಡೆಗೆ, ಸ್ಯಾಕ್ಸೊಫೋನಿನವರು ನಾಗಸ್ವರದ ಕಡೆಗೆ! ಇಬ್ಬರೂ ಹುಡುಕಿದ್ದು ಪ್ರಾಯಶಃ ಆ ನಡುವಣ ಸಂದಿಯನ್ನೇ.

ಚಲಚ್ಚಿತ್ರದ ವಿಷಯಕ್ಕೆ ಬರೋಣ. ಪಶ್ಚಿಮದಲ್ಲಿ ಜಾಜ್ ವಾದಕನು ತೆರೆಯ ಮೇಲೆ ಒಂದು ಬಗೆಯ ದುರಂತನಾಯಕನಾಗಿದ್ದಾನೆ. ಬರ್ಟ್ರಾಂಡ್ ತಾವರ್ನಿಯೇ 1986ರಲ್ಲಿ ನಿರ್ಮಿಸಿದ ರೌಂಡ್ ಮಿಡ್‌ನೈಟ್ ಚಿತ್ರದಲ್ಲಿ ಡೆಕ್ಸ್‌ಟರ್ ಗಾರ್ಡನ್ ಎಂಬ ನಿಜವಾದ ವಾದಕನೇ ಪಾತ್ರವಹಿಸಿದನು. ಮೈಯೂ ಅವನದೇ, ಉಸಿರೂ ಅವನದೇ. 1988ರ ಬರ್ಡ್ ಚಿತ್ರದಲ್ಲಿ ಕ್ಲಿಂಟ್ ಈಸ್ಟ್‌ವುಡ್ ಗತಿಸಿದ ಪಾರ್ಕರನ ಹಳೆಯ ಧ್ವನಿಮುದ್ರಣಗಳಿಂದ ಅವನ ವಾದನವನ್ನು ಬೇರ್ಪಡಿಸಿ ಹೊಸ ಪಕ್ಕವಾದ್ಯಗಳೊಡನೆ ಕೂಡಿಸಿದನು. ಜಿಮ್ ಜಾರ್ಮುಶ್‌ನ 1984ರ ಸ್ಟ್ರೇಂಜರ್ ದ್ಯಾನ್ ಪ್ಯಾರಡೈಸ್ ಚಿತ್ರದಲ್ಲಿ ನಟಿಸಿದ ಜಾನ್ ಲೂರಿಯದು ಇನ್ನೂ ವಿಚಿತ್ರ. ಲೌಂಜ್ ಲಿಝರ್ಡ್ಸ್ ತಂಡದ ಸ್ಯಾಕ್ಸೊಫೋನ್ ವಾದಕನಾದ ಅವನು ಆ ಚಿತ್ರಕ್ಕೆ ಬರೆದುಕೊಟ್ಟದ್ದು ನಾಲ್ಕು ತಂತಿವಾದ್ಯಗಳ ಸಂಗೀತ! ಇಂತಹ ಚಿತ್ರಗಳನ್ನು ಜನಸಾಮಾನ್ಯರು ಮುಗಿಬಿದ್ದು ನೋಡಲಿಲ್ಲ. ನೋಡಿದವರು ಮಾತ್ರ ಮರೆಯಲಿಲ್ಲ.

ನಮ್ಮಲ್ಲಿ ಆ ಸ್ಥಾನಕ್ಕೆ ಸಲ್ಲುವುದು ಕೆ. ಬಾಲಚಂದರರ ತಮಿಳು ಚಿತ್ರ ಡ್ಯುಯೆಟ್, 1994ರದು. ಅಣ್ಣತಮ್ಮಂದಿರಿಬ್ಬರು ಒಬ್ಬಳನ್ನೇ ಪ್ರೀತಿಸುವ ಕಥೆ; ಅಣ್ಣ ಸ್ಯಾಕ್ಸೊಫೋನ್ ವಾದಕ. ತಮ್ಮನಾಗಿ ನಟಿಸಿದವರು ನಮ್ಮ ರಮೇಶ್ ಅರವಿಂದ್. ಪ್ರಕಾಶ್ ರೈ ತಮಿಳಿಗೆ ಹೋದದ್ದೂ ಇದೇ ಚಿತ್ರದಿಂದ. ಎ. ಆರ್. ರಹಮಾನರಿಗೆ ಗೋಪಾಲನಾಥರು ಒಂದಾದ ಮೇಲೊಂದು ರಾಗ ನುಡಿಸಿ ತೋರಿಸಿದರಂತೆ. ಕೊನೆಗೆ ಒಪ್ಪಿಗೆಯಾದುದು ಕಲ್ಯಾಣವಸಂತ. ಕೀರವಾಣಿಯಲ್ಲಿ ಜನ್ಯವಾದ ಈ ರಾಗದ ಆರೋಹಣದಲ್ಲಿ ರಿಷಭವೂ ಪಂಚಮವೂ ಇಲ್ಲ. ಹಾಗಾಗಿ ಏರುವಾಗ ದೊಡ್ಡ ದೊಡ್ಡ ಹೆಜ್ಜೆ, ಇಳಿಯುವಾಗ ಏಳೂ ಸ್ವರಗಳ ತುಂಬು ನಡಿಗೆ. ವಿರಹದ ಪ್ರಸಂಗಕ್ಕೆ ಇದಕ್ಕಿಂತ ತಕ್ಕ ಆಯ್ಕೆ ನಮಗೆ ತೋಚದು. ತೆರೆಯ ಮೇಲೆ ವಾದ್ಯ ಹಿಡಿದವರು ಪ್ರಭು. ಹಿನ್ನೆಲೆ ಗಾಯನದಂತೆ ಇದು ಹಿನ್ನೆಲೆ ವಾದನ. ಚಿತ್ರದ ಕಥೆಯನ್ನು ಮರೆತವರಿಗೂ ಆ ಧ್ವನಿಯ ನೆನಪಿದೆ. ಜಾಜಿನ ವೇಷ ತೊಟ್ಟು ಬಂದ ರಾಗವನ್ನು ಜನರು ವೇಷಕ್ಕಾಗಿ ಒಪ್ಪಿದರೋ ರಾಗಕ್ಕಾಗಿಯೋ, ಹೇಳುವುದು ಕಷ್ಟ.

ಈ ಪರಂಪರೆಯ ಫಲವೊಂದು ಮತ್ತೆ ಅಮೆರಿಕದಲ್ಲಿಯೇ ಕಾಣಿಸಿಕೊಂಡಿತು. ಕರ್ನಾಟಕ ಮೂಲದ ತಂದೆತಾಯಿಗಳ ಮಗನಾಗಿ ಕೊಲರಾಡೊದಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಪಾರ್ಕರನ ಹಾದಿಯಲ್ಲಿ ಸ್ಯಾಕ್ಸೊಫೋನ್ ಕಲಿತವರು. ಅವರ ಅಣ್ಣ ತಮಾಷೆಗಾಗಿ ಗೋಪಾಲನಾಥರ ಧ್ವನಿಮುದ್ರಿಕೆಯೊಂದನ್ನು ಕಾಣಿಕೆ ಕೊಟ್ಟರು. ತಮಾಷೆ ಬೇಗನೆ ಗಂಭೀರವಾಯಿತು. ರುದ್ರೇಶರು ಮದ್ರಾಸಿಗೆ ಬಂದು ಗೋಪಾಲನಾಥರನ್ನು ಕಂಡರು. 2008ರಲ್ಲಿ ಇಬ್ಬರೂ ಕೂಡಿ ಕಿನ್ಸ್‌ಮೆನ್ ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು. ಹೆಸರಿನ ಅರ್ಥ ಬಂಧುಗಳು. ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ಅತ್ತ ಗಿಟಾರು ಮತ್ತು ಡ್ರಮ್ಮುಗಳು. ಒಬ್ಬರು ತುಳುನಾಡಿನಲ್ಲಿ ಬೆಳೆದು ಪರದೇಶದ ವಾದ್ಯವನ್ನು ಮನೆಗೆ ತಂದರು. ಇನ್ನೊಬ್ಬರು ಪರದೇಶದಲ್ಲಿ ಬೆಳೆದು ಅದೇ ವಾದ್ಯದಿಂದ ಮನೆಯ ವಿಳಾಸವನ್ನು ವಿಚಾರಿಸಿದರು. ಪ್ರವಾಸಿ ಕನ್ನಡಿಗರ ಮಕ್ಕಳ ವಿಷಯದಲ್ಲಿ ನಾವು ಆಡುವ ಚಿಂತೆಯ ಮಾತುಗಳ ಮಧ್ಯೆ ಈ ಧ್ವನಿಮುದ್ರಿಕೆಯನ್ನೊಮ್ಮೆ ಕೇಳಬಹುದು.

ಲಾಭವನ್ನು ಹೇಳಿದ ಮೇಲೆ ನಷ್ಟವನ್ನೂ ಹೇಳಬೇಕು. 2019ರ ಅಕ್ಟೋಬರ್ 11ರಂದು ಗೋಪಾಲನಾಥರು ಮಂಗಳೂರಿನಲ್ಲಿ ನಿಧನರಾದರು. ಅಷ್ಟು ಹೊತ್ತಿಗಾಗಲೇ ದಕ್ಷಿಣ ಕನ್ನಡದಲ್ಲಿಯೂ ಕಾಸರಗೋಡಿನಲ್ಲಿಯೂ ಮದುವೆ, ಉತ್ಸವಗಳಲ್ಲಿ ಸ್ಯಾಕ್ಸೊಫೋನ್ ಮನೆಮಾತಾಗಿತ್ತು. ನಾಗಸ್ವರದ ಮನೆತನಗಳ ಮಕ್ಕಳೇ ಅದನ್ನು ಕೈಗೆತ್ತಿಕೊಂಡರು. ಅದಕ್ಕೆ ಗೌರವವೂ ಹೆಚ್ಚು, ಸಂಭಾವನೆಯೂ ಹೆಚ್ಚು. ಅವರನ್ನು ಆಕ್ಷೇಪಿಸುವ ಅಧಿಕಾರ ನಮಗಿಲ್ಲ. ಹಾಗೆಂದು ಬೆರಳು ರಂಧ್ರವನ್ನು ಮುಟ್ಟುವ ಆ ವಿದ್ಯೆ ಮನೆಯಿಂದ ಮರೆಯಾದರೆ, ಗೋಪಾಲನಾಥರಿಗೆ ಗಮಕವನ್ನು ಮೊದಲು ಕಲಿಸಿದ ಶಾಲೆಯೇ ಮುಚ್ಚಿದಂತಾಗುತ್ತದೆ. ಅವರ ನಂತರದವರು ಕಲಿಯುತ್ತಿರುವುದು ಸ್ಯಾಕ್ಸೊಫೋನಿನಿಂದ ಸ್ಯಾಕ್ಸೊಫೋನನ್ನು.

ಕಳಕ್ಕೂಟಂನ ಮುಂದಿನ ಗೋಷ್ಠಿಗೆ ಆ ತರುಣರು ಮಾರಿಯಾನೊ ಅವರ ಧ್ವನಿಮುದ್ರಿಕೆಯನ್ನು ತರುವುದಾಗಿ ಒಪ್ಪಿದ್ದಾರೆ. ಹಿರಿಯರು ತಮ್ಮ ಊರಿನ ಜಾತ್ರೆಯಲ್ಲಿ ಮುದ್ರಿಸಿಕೊಂಡ ನಾಗಸ್ವರವನ್ನು ಕೇಳಿಸುವರು.